ಸರಳ ಎಂಡ್‌ಗೇಮಿನಲ್ಲಿ ಚೆಸ್ ಎಂಜಿನ್ ಹೇಳುವ ಅಂಕ ಎಷ್ಟು ಸರಿ? ಹಂತ ಹಂತವಾಗಿ ಪರೀಕ್ಷಿಸುವ ಮಾರ್ಗದರ್ಶಿ

ಬಿಳಿ ರಾಜ ಎಫ್5, ಬಿಳಿ ಒಂಟೆ ಇ4, ಬಿಳಿ ಪದಾತಿ ಎಚ್5, ಕಪ್ಪು ರಾಜ ಎಚ್8. ಪಟದ ಮೇಲೆ ಇರುವುದು ಈ ನಾಲ್ಕೇ ಕಾಯಿ. ಒಂದು ಒಂಟೆ, ಒಂದು ಪದಾತಿ ಹೆಚ್ಚಿದ್ದರೂ ಬಿಳಿ ಗೆಲ್ಲಲಾರದು. ಪದಾತಿ ರಾಣಿಯಾಗಬೇಕಾದ ಎಚ್8 ಕಪ್ಪು ಮನೆ, ಒಂಟೆ ಓಡಾಡುವುದು ಬಿಳಿ ಮನೆಗಳಲ್ಲಿ. ಮೂಲೆ ಹಿಡಿದ ರಾಜನನ್ನು ಅಲ್ಲಿಂದ ಎಬ್ಬಿಸಲು ದಾರಿಯೇ ಇಲ್ಲ. ಪದಾತಿ ಎಚ್6ಕ್ಕೆ, ಬಿಳಿ ರಾಜ ಜಿ6ಕ್ಕೆ ಬಂದ ಮೇಲೆ ಒಂಟೆಯನ್ನು ಡಿ5ಕ್ಕೆ ಇಟ್ಟರೂ ಸ್ಟೇಲ್‌ಮೇಟ್ (ಚೆಕ್ ಇಲ್ಲದಿದ್ದರೂ ಆಡಲು ನಡೆಯೇ ಇಲ್ಲದೆ ಆಗುವ ಡ್ರಾ), ಪದಾತಿಯನ್ನು ಎಚ್7ಕ್ಕೆ ನೂಕಿದರೂ ಸ್ಟೇಲ್‌ಮೇಟ್. ಆಟ ಕಲಿತು ಒಂದು ವರ್ಷವಾದವರಿಗೂ ಗೊತ್ತಿರುವ ಡ್ರಾ ಇದು. ಇದೇ ಸ್ಥಾನವನ್ನು ಬೇರೆ ಬೇರೆ ಎಂಜಿನ್‌ಗಳಿಗೆ (ಚೆಸ್ ಆಡುವ ತಂತ್ರಾಂಶಗಳಿಗೆ), ಒಂದೇ ಎಂಜಿನ್ನಿನ ಬೇರೆ ಬೇರೆ ಆವೃತ್ತಿಗಳಿಗೆ ಕೊಟ್ಟರೆ ಉತ್ತರ ಒಂದೇ ಬರುವುದಿಲ್ಲ. ಕೆಲವು ತಕ್ಷಣ ಸೊನ್ನೆ (ಸಮಬಲ) ತೋರಿಸುತ್ತವೆ, ಕೆಲವು ಬಹಳ ಹೊತ್ತು ಬಿಳಿಗೆ ದೊಡ್ಡ ಮುನ್ನಡೆ ಇದೆ ಎನ್ನುತ್ತಲೇ ಇರುತ್ತವೆ.

ಆಟದ ಮಧ್ಯದಲ್ಲಿ ಎಂಜಿನ್ ಕೊಡುವ ಅಂಕವನ್ನು ತಾಳೆ ನೋಡಲು ಸರಿಯುತ್ತರ ಯಾರ ಬಳಿಯೂ ಇಲ್ಲ. ಏಳು ಅಥವಾ ಅದಕ್ಕಿಂತ ಕಡಿಮೆ ಕಾಯಿಗಳಿರುವ ಸ್ಥಾನಗಳಿಗೆ ಮಾತ್ರ ಇದೆ, ಅದೇ ಟೇಬಲ್‌ಬೇಸ್, ಎಂದರೆ ಪ್ರತಿ ಸ್ಥಾನದ ಫಲವನ್ನೂ ಮೊದಲೇ ಲೆಕ್ಕ ಹಾಕಿಟ್ಟ ಭಂಡಾರ. ಹಾಗಾಗಿ ಎಂಜಿನ್ನಿನ ತಪ್ಪನ್ನು ನಿಖರವಾಗಿ ಅಳೆಯಲು ಸರಳ ಎಂಡ್‌ಗೇಮಿಗಿಂತ ಒಳ್ಳೆಯ ಜಾಗ ಸಿಗದು. ಅಳೆಯುವಾಗ ಒಂದು ಭೇದವನ್ನು ಮೊದಲಿನಿಂದ ಕೊನೆಯವರೆಗೂ ಮನಸ್ಸಿನಲ್ಲಿಡಿ: ಕೆಲವು ತಪ್ಪುಗಳು ಎಂಜಿನ್ ಇನ್ನಷ್ಟು ಆಳಕ್ಕೆ ಹುಡುಕಿದರೆ ಸರಿಹೋಗುತ್ತವೆ, ಇನ್ನು ಕೆಲವು ಎಷ್ಟೇ ಹುಡುಕಿದರೂ ಹೋಗುವುದಿಲ್ಲ. ನಿಮ್ಮ ಎಂಜಿನ್ ಎಲ್ಲೆಲ್ಲಿ ಎರಡನೇ ಬಗೆಯ ತಪ್ಪು ಮಾಡುತ್ತದೆ ಎಂದು ಪತ್ತೆ ಮಾಡುವುದೇ ಈ ಇಡೀ ಪರೀಕ್ಷೆಯ ಉದ್ದೇಶ.

ಹೆಸರುಗಳ ಬಗ್ಗೆ ಒಂದು ಮಾತು. ಇಲ್ಲಿ ಆನೆ ಎಂದರೆ ನೇರ ಸಾಲಿನಲ್ಲಿ ನಡೆಯುವ ಮೂಲೆಯ ಕಾಯಿ, ಒಂಟೆ ಎಂದರೆ ಓರೆಯಾಗಿ ನಡೆಯುವುದು. ಕಾಯಿಗಳನ್ನು ಎಣಿಸುವಾಗ ರಾಜರನ್ನೂ ಪದಾತಿಗಳನ್ನೂ ಸೇರಿಸಿಯೇ ಎಣಿಸಬೇಕು.

ಅಂಕ ಹುಟ್ಟುವುದು ಎಲ್ಲಿಂದ

ಪರದೆಯ ಮೇಲೆ ಕಾಣುವ ಅಂಕದಲ್ಲಿ ಎರಡು ಕೆಲಸ ಬೆರೆತಿರುತ್ತವೆ. ಒಂದು, ಸ್ಥಾನವನ್ನು ಇದ್ದಲ್ಲೇ ನೋಡಿ ಬೆಲೆ ಕಟ್ಟುವುದು. ಇದು ಸ್ಥಿರ ಮೌಲ್ಯಮಾಪನ. ಇನ್ನೊಂದು, ಮುಂದಿನ ನಡೆಗಳನ್ನು ಹುಡುಕಿ, ಕೊನೆಯಲ್ಲಿ ಸಿಗುವ ಸ್ಥಾನಗಳ ಬೆಲೆಯನ್ನು ಮೇಲಕ್ಕೆ ತರುವುದು.

ಹಳೆಯ ಎಂಜಿನ್‌ಗಳಲ್ಲಿ ಮೊದಲನೆಯ ಕೆಲಸಕ್ಕೆ ಕೈಯಲ್ಲಿ ಬರೆದ ನಿಯಮಗಳಿದ್ದವು. ಮೂಲೆಗೆ ಹೊಂದದ ಒಂಟೆ, ಒಂಟೆ ಮತ್ತು ಕುದುರೆಯ ಮೇಟ್, ರಾಜ-ಪದಾತಿ ವಿರುದ್ಧ ಒಂಟಿ ರಾಜ, ಹೀಗೆ ಒಂದೊಂದಕ್ಕೂ ಪ್ರತ್ಯೇಕ ತುಣುಕು ಇರುತ್ತಿತ್ತು. ಸ್ಟಾಕ್‌ಫಿಶ್ ಎಂಬ ಎಂಜಿನ್ನಿಗೆ 2020ರ ಸೆಪ್ಟೆಂಬರ್‌ನ 12ನೇ ಆವೃತ್ತಿಯಲ್ಲಿ ನರಜಾಲ (ನ್ಯೂರಲ್ ನೆಟ್‌ವರ್ಕ್) ಬಂತು. 2024ರ 16.1ನೇ ಆವೃತ್ತಿಯ ಹೊತ್ತಿಗೆ ಕೈಬರಹದ ಮೌಲ್ಯಮಾಪನವನ್ನು ಪೂರ್ತಿ ಕಿತ್ತುಹಾಕಲಾಗಿತ್ತು. ಒಟ್ಟಾರೆ ಎಂಜಿನ್ನಿನ ಬಲ ಬಹಳ ಹೆಚ್ಚಿತು. ಆದರೆ ನರಜಾಲ ಕಲಿಯುವುದು ತನಗೆ ತೋರಿಸಿದ ಸ್ಥಾನಗಳಿಂದ. ತರಬೇತಿಯಲ್ಲಿ ಅಪರೂಪವಾಗಿ ಬಂದ ಸ್ಥಾನಗಳ ಬಗ್ಗೆ ಅದರ ಅಂದಾಜು ಸಡಿಲವಾಗಿರುವುದು ಸಹಜ. ಆದ್ದರಿಂದ ಹೊಸ ಆವೃತ್ತಿ ಎಲ್ಲ ಸ್ಥಾನದಲ್ಲೂ ಹಳೆಯದಕ್ಕಿಂತ ಮೇಲು ಎಂದು ಊಹಿಸಿಕೊಳ್ಳಬೇಡಿ, ಅಳೆದು ನೋಡಿ.

ಹಂತ 1: ಸಿದ್ಧತೆ

ಯುಸಿಐ ಒಪ್ಪಂದದಲ್ಲಿ (ಎಂಜಿನ್ ಮತ್ತು ಅದನ್ನು ನಡೆಸುವ ತಂತ್ರಾಂಶದ ನಡುವಿನ ಭಾಷೆಯಲ್ಲಿ) ಮಾತಾಡುವ ಎಂಜಿನ್ ಒಂದು, ಅದನ್ನು ನಡೆಸಲು ಅರೀನಾ ಅಥವಾ ಕ್ಯೂಟ್ ಚೆಸ್‌ನಂಥ ತಂತ್ರಾಂಶ ಒಂದು, ಸರಿಯುತ್ತರಕ್ಕೆ ಸಿಝಿಜಿ ಟೇಬಲ್‌ಬೇಸ್. ಸಿಝಿಜಿಯನ್ನು 2013ರಲ್ಲಿ ರೊನಾಲ್ಡ್ ಡಿ ಮಾನ್ ಬಿಡುಗಡೆ ಮಾಡಿದರು. ಏಳು ಕಾಯಿಗಳ ಕಡತಗಳು 2018ರಲ್ಲಿ ಪೂರ್ಣಗೊಂಡವು. ಐದು ಕಾಯಿಗಳವರೆಗಿನ ಕಡತಗಳಿಗೆ ಸುಮಾರು 1 ಗಿಗಾಬೈಟ್ ಸಾಕು. ಆರು ಕಾಯಿಗಳದ್ದಕ್ಕೆ ಸುಮಾರು 150 ಗಿಗಾಬೈಟ್ ಬೇಕು. ಏಳರದ್ದು 17 ಟೆರಾಬೈಟ್ ಹತ್ತಿರ, ಅದನ್ನು ಇಳಿಸಿಕೊಳ್ಳುವ ಗೋಜಿಗೆ ಹೋಗದೆ ಲಿಚೆಸ್ ಜಾಲತಾಣದ ಆನ್‌ಲೈನ್ ಟೇಬಲ್‌ಬೇಸಿನಲ್ಲಿ ನೋಡಿಕೊಳ್ಳುವುದು ಮೇಲು.

ಎಂಜಿನ್ನಿನ ಆಯ್ಕೆಗಳನ್ನು ಹೀಗೆ ಇಡಿ. ಥ್ರೆಡ್ (ಏಕಕಾಲಕ್ಕೆ ನಡೆಯುವ ಹುಡುಕಾಟಗಳ ಸಂಖ್ಯೆ) 1. ಹೆಚ್ಚು ಥ್ರೆಡ್ ಕೊಟ್ಟರೆ ಅದೇ ಸ್ಥಾನಕ್ಕೆ ಪ್ರತಿ ಸಲ ಬೇರೆ ಅಂಕ ಬರಬಹುದು, ಹೋಲಿಕೆ ಕೆಡುತ್ತದೆ. ಹ್ಯಾಶ್ (ಹುಡುಕಿದ ಸ್ಥಾನಗಳನ್ನು ನೆನಪಿಡುವ ಜಾಗ) 256 ಮೆಗಾಬೈಟ್. ಮಲ್ಟಿ ಪಿವಿ (ತೋರಿಸಬೇಕಾದ ಸಾಲುಗಳ ಸಂಖ್ಯೆ) 1. ಸಿಝಿಜಿ ಪಾತ್ (ಟೇಬಲ್‌ಬೇಸ್ ಕಡತಗಳಿರುವ ಜಾಗ) ಖಾಲಿ. ಈ ಕೊನೆಯದನ್ನು ಎರಡು ಸಲ ನೋಡಿಕೊಳ್ಳಿ. ಎಂಜಿನ್ನಿಗೆ ಕಡತಗಳು ಸಿಕ್ಕಿಬಿಟ್ಟರೆ ನೀವು ಅಳೆಯುವುದು ಎಂಜಿನ್ನನ್ನಲ್ಲ, ಕಡತಗಳನ್ನು. ಮೇಟ್ ಎಂದೂ ಹೇಳದೆ ಸಹಜ ಅಂಕದ ಹತ್ತಾರು ಪಟ್ಟು ದೊಡ್ಡ ಸಂಖ್ಯೆ ಬಂದರೆ, ಅಥವಾ ಮಾಹಿತಿಯ ಸಾಲಿನಲ್ಲಿ ಟಿಬಿ ಹಿಟ್ಸ್ (ಟೇಬಲ್‌ಬೇಸ್ ನೋಡಿದ ಎಣಿಕೆ) ಸೊನ್ನೆಗಿಂತ ಹೆಚ್ಚಿದ್ದರೆ, ಕಡತಗಳು ಎಲ್ಲಿಂದಲೋ ಒಳಗೆ ಬಂದಿವೆ ಎಂದರ್ಥ.

ಪ್ರತಿ ಸ್ಥಾನಕ್ಕೆ ಮುಂಚೆ ಹ್ಯಾಶ್ ಖಾಲಿ ಮಾಡಿ. ಹಿಂದಿನ ಹುಡುಕಾಟದ ಫಲ ಉಳಿದಿದ್ದರೆ ಎಂಜಿನ್ ತಾನು ಈಗ ಕಂಡುಹಿಡಿಯದ ಉತ್ತರವನ್ನೂ ಕ್ಷಣದಲ್ಲಿ ಹೇಳಿಬಿಡುತ್ತದೆ.

ಹಂತ 2: ಸ್ಥಾನಗಳ ಆಯ್ಕೆ

ಪರೀಕ್ಷೆಯ ಜೀವ ಇರುವುದು ಇಲ್ಲಿ. ಸುಮ್ಮನೆ ನೂರು ಸ್ಥಾನಗಳನ್ನು ಕಲೆಹಾಕಿದರೆ ಬಹುಪಾಲು ಸುಲಭದ ಗೆಲುವುಗಳೇ ತುಂಬಿಕೊಂಡು ಫಲಿತಾಂಶ ಚೆನ್ನಾಗಿ ಕಾಣುತ್ತದೆ, ಏನನ್ನೂ ತಿಳಿಸುವುದಿಲ್ಲ. ಕಾಯಿಗಳ ಲೆಕ್ಕ ಒಂದು ಹೇಳಿ ನಿಜ ಇನ್ನೊಂದಾಗಿರುವ ಸ್ಥಾನಗಳೇ ಅರ್ಧದಷ್ಟಿರಲಿ. ಹತ್ತು ಬಗೆ, ಬಗೆಗೆ ಆರು ಎಂದು ಅರವತ್ತು ಸ್ಥಾನ ಇದ್ದರೆ ಸಾಕು. ಆಯ್ದ ಪ್ರತಿಯೊಂದನ್ನೂ ಟೇಬಲ್‌ಬೇಸಿನಲ್ಲಿ ನೋಡಿ ಗೆಲುವು, ಡ್ರಾ, ಸೋಲು ಎಂದು ಗುರುತು ಹಾಕಿಕೊಳ್ಳಿ. ಚೆಕ್ ಬಿದ್ದಿರುವ ಸ್ಥಾನ ಬೇಡ, ಅಲ್ಲಿ ಸ್ಟಾಕ್‌ಫಿಶ್ ಸ್ಥಿರ ಅಂಕವನ್ನೇ ಕೊಡುವುದಿಲ್ಲ.

ಮೊದಲು, ನಡೆ ಯಾರದು ಎಂಬುದರ ಮೇಲೆ ನಿಂತ ಜೋಡಿಗಳು. ಬಿಳಿ ರಾಜ ಇ5, ಪದಾತಿ ಇ4, ಕಪ್ಪು ರಾಜ ಇ7. ನಡೆ ಬಿಳಿಯದಾದರೆ ಡ್ರಾ, ಕಪ್ಪಿನದಾದರೆ ಬಿಳಿಗೆ ಗೆಲುವು. ಇದಕ್ಕಿಂತ ಚೂಪಾದದ್ದು ಬೇಕೆಂದರೆ: ಬಿಳಿ ರಾಜ ಎಫ್5, ಬಿಳಿ ಪದಾತಿ ಇ4, ಕಪ್ಪು ರಾಜ ಡಿ4, ಕಪ್ಪು ಪದಾತಿ ಇ5. ಇಲ್ಲಿ ಯಾರ ಸರದಿಯೋ ಅವರೇ ಸೋಲುತ್ತಾರೆ. ರಾಜ ಒಂದು ಹೆಜ್ಜೆ ಸರಿದ ಕೂಡಲೇ ಎದುರಾಳಿ ಪದಾತಿಯನ್ನು ಹೊಡೆದುಕೊಳ್ಳುತ್ತಾನೆ, ತನ್ನ ಪದಾತಿಗೆ ಕಾವಲೂ ನಿಲ್ಲುತ್ತಾನೆ. ಎರಡೂ ಸರದಿಗಳನ್ನು ಪಟ್ಟಿಯಲ್ಲಿಡಿ.

ಎರಡನೆಯದು, ಹುಡುಕಿದರೆ ಸಿಗುವ ಉತ್ತರಗಳು. ರಿಚರ್ಡ್ ರೆಟಿ 1921ರಲ್ಲಿ ಪ್ರಕಟಿಸಿದ ರಚನೆ ಇದಕ್ಕೆ ಹೇಳಿಮಾಡಿಸಿದ್ದು: ಬಿಳಿ ರಾಜ ಎಚ್8, ಪದಾತಿ ಸಿ6, ಕಪ್ಪು ರಾಜ ಎ6, ಪದಾತಿ ಎಚ್5, ಬಿಳಿಯ ಸರದಿ. ಬಿಳಿ ರಾಜ ಎದುರಾಳಿಯ ಪದಾತಿಯಿಂದ ತೀರ ದೂರ ಇದ್ದಂತೆ ಕಾಣುತ್ತದೆ, ಆದರೂ ರಾಜ ಜಿ7 ನಡೆಯಿಂದ ಶುರುಮಾಡಿ ಡ್ರಾ ಮಾಡಬಹುದು. ಸ್ಥಿರ ಅಂಕ ಕಪ್ಪಿನ ಕಡೆ ವಾಲಿದರೂ ಸ್ವಲ್ಪ ಹುಡುಕಾಟದಲ್ಲೇ ಸರಿಯಾಗಬೇಕು. ಲುಸೆನಾ ಸ್ಥಾನವೂ ಇದೇ ಗುಂಪಿಗೆ: ಬಿಳಿ ರಾಜ ಜಿ8, ಪದಾತಿ ಜಿ7, ಆನೆ ಎಫ್1, ಕಪ್ಪು ರಾಜ ಇ7, ಆನೆ ಎಚ್2, ಬಿಳಿ ಆಡಿ ಗೆಲ್ಲುತ್ತದೆ. ಅದರ ಪಕ್ಕದಲ್ಲೇ ಫಿಲಿಡೋರ್ ಸ್ಥಾನ ಇಡಿ: ಬಿಳಿ ರಾಜ ಡಿ5, ಪದಾತಿ ಇ5, ಆನೆ ಎಚ್7, ಕಪ್ಪು ರಾಜ ಇ8, ಆನೆ ಎ6, ಡ್ರಾ. ಎರಡರಲ್ಲೂ ಅದೇ ಐದು ಕಾಯಿ, ಉತ್ತರ ಮಾತ್ರ ಬೇರೆ. ಎರಡಕ್ಕೂ ಒಂದೇ ಬಗೆಯ ಅಂಕ ಕೊಡುವ ಎಂಜಿನ್ ಕಾಯಿ ಎಣಿಸುತ್ತಿದೆ ಅಷ್ಟೆ.

ಮೂರನೆಯದು, ಹುಡುಕಿದರೂ ಸಿಗದ ಉತ್ತರಗಳು. ಮೊದಲಿಗೆ ಹೇಳಿದ ಮೂಲೆಗೆ ಹೊಂದದ ಒಂಟೆ ಇಲ್ಲಿ ಬರುತ್ತದೆ. ಬೇರೆ ಬಣ್ಣದ ಒಂಟೆಗಳ ತಡೆಯೂ ಬರುತ್ತದೆ: ಬಿಳಿ ರಾಜ ಡಿ4, ಒಂಟೆ ಎಫ್3, ಪದಾತಿ ಡಿ5, ಕಪ್ಪು ರಾಜ ಡಿ6, ಒಂಟೆ ಇ7. ಕಪ್ಪು ರಾಜ ನಿಂತಿರುವುದು ಕಪ್ಪು ಮನೆಯಲ್ಲಿ, ಬಿಳಿಯ ಒಂಟೆಗೆ ಅದು ಎಂದೂ ಎಟುಕದು. ಇನ್ನೊಂದು ಕಠಿಣ ಪ್ರಶ್ನೆ: ಮೂರು ಬಿಳಿ ಒಂಟೆಗಳು, ಮೂರೂ ಬಿಳಿ ಮನೆಗಳಲ್ಲೇ ಓಡಾಡುವಂಥವು, ಎದುರಿಗೆ ಒಂಟಿ ರಾಜ. ಮೇಟ್ ಅಸಾಧ್ಯ. ನಿಜದ ಆಟದಲ್ಲಿ ಇಂಥದ್ದು ಬರುವುದೇ ಇಲ್ಲ ಎನ್ನಬಹುದು, ಅದಕ್ಕೇ ನರಜಾಲದ ಅಂದಾಜು ಎಲ್ಲಿ ಕೈಕೊಡುತ್ತದೆ ಎಂದು ಇದು ಬಿಚ್ಚಿ ತೋರಿಸುತ್ತದೆ.

ರಾಣಿ ಎದುರು ಏಳನೇ ಹೆಜ್ಜೆಗೆ ಬಂದ ಅಂಚಿನ ಪದಾತಿಯನ್ನೂ ಬಿಡಬೇಡಿ. ಬಿಳಿ ರಾಜ ಎಚ್8, ರಾಣಿ ಡಿ4. ಕಪ್ಪು ರಾಜ ಬಿ1, ಪದಾತಿ ಎ2. ಬಿಳಿಯ ಸರದಿ, ಡ್ರಾ. ಬಿಳಿ ರಾಜನನ್ನು ಹತ್ತಿರ ತಂದರೆ ಒಂದು ಹಂತದಲ್ಲಿ ಇದೇ ಗೆಲುವಾಗುತ್ತದೆ. ರಾಜನನ್ನು ಒಂದೊಂದೇ ಮನೆ ಸರಿಸಿ ಟೇಬಲ್‌ಬೇಸಿನಲ್ಲಿ ಆ ಗಡಿ ಹುಡುಕಿ, ಗಡಿಯ ಈಚೆ ಒಂದು, ಆಚೆ ಒಂದು ಸ್ಥಾನ ತೆಗೆದುಕೊಳ್ಳಿ.

ಉಳಿದ ಬಗೆಗಳಿಗೆ ಹೆಚ್ಚು ವಿವರಣೆ ಬೇಡ: ಎರಡು ಕುದುರೆ ವಿರುದ್ಧ ಒಂಟಿ ರಾಜ, ಆನೆ ವಿರುದ್ಧ ಒಂಟೆ (ರಕ್ಷಿಸುವ ರಾಜ ತನ್ನ ಒಂಟೆಗೆ ಎಟುಕದ ಬಣ್ಣದ ಮೂಲೆಯಲ್ಲಿ), ರಾಣಿ ವಿರುದ್ಧ ಆನೆ, ಒಂಟೆ-ಕುದುರೆ ವಿರುದ್ಧ ರಾಜ.

ಪ್ರತಿ ಸ್ಥಾನಕ್ಕೂ ಬಣ್ಣ ತಿರುಗಿಸಿದ ಕನ್ನಡಿ ರೂಪ ಮಾಡಿಕೊಳ್ಳಿ. ಬಿಳಿಯನ್ನು ಕಪ್ಪಾಗಿಸಿ, ಪಟವನ್ನು ಮೇಲೆ-ಕೆಳಗೆ ತಿರುಗಿಸಿ, ಸರದಿಯನ್ನೂ ಬದಲಿಸಿ. ಸ್ಥಿರ ಅಂಕ ಅಷ್ಟೇ ಬಂದು ಚಿಹ್ನೆ ಮಾತ್ರ ತಿರುಗಬೇಕು. ಹಾಗಾಗದಿದ್ದರೆ ಎಂಜಿನ್ನಿನಲ್ಲೋ ನೀವು ಬರೆದ ಸ್ಥಾನದಲ್ಲೋ ದೋಷವಿದೆ.

ಹಂತ 3: ನಾಲ್ಕು ಅಳತೆ

ಒಂದೊಂದು ಸ್ಥಾನಕ್ಕೆ ನಾಲ್ಕು ಅಂಕ ಬರೆದುಕೊಳ್ಳಿ: ಸ್ಥಿರ ಅಂಕ, ಹತ್ತು ಸಾವಿರ ನೋಡ್‌ಗಳಲ್ಲಿ (ಹುಡುಕಾಟದಲ್ಲಿ ನೋಡಿದ ಒಂದೊಂದು ಸ್ಥಾನವೂ ಒಂದು ನೋಡ್), ಹತ್ತು ಲಕ್ಷ ನೋಡ್‌ಗಳಲ್ಲಿ, ಐದು ಕೋಟಿ ನೋಡ್‌ಗಳಲ್ಲಿ. ಸ್ಟಾಕ್‌ಫಿಶ್‌ನ ಟರ್ಮಿನಲ್‌ನಲ್ಲಿ ‘ಇವಾಲ್’ ಆಜ್ಞೆ ಸ್ಥಿರ ಅಂಕ ಕೊಡುತ್ತದೆ. ಆ ಆಜ್ಞೆ ಇಲ್ಲದ ಎಂಜಿನ್‌ಗಳಲ್ಲಿ ಆಳ 1ಕ್ಕೆ ಹುಡುಕಿಸಿ. ಸಮಯದ ಬದಲು ನೋಡ್ ಎಣಿಕೆ ಏಕೆಂದರೆ, ಒಂದು ಥ್ರೆಡ್ಡಿನಲ್ಲಿ ಅಷ್ಟೇ ನೋಡ್ ಕೊಟ್ಟರೆ ಯಾವ ಗಣಕದಲ್ಲಾದರೂ ಅದೇ ಉತ್ತರ ಮರಳಿ ಬರುತ್ತದೆ. ಲೀಲಾದಂಥ ದೊಡ್ಡ ನರಜಾಲದ ಎಂಜಿನ್ನನ್ನು ಸ್ಟಾಕ್‌ಫಿಶ್ ಜೊತೆ ಹೋಲಿಸುವಾಗ ಮಾತ್ರ ಈ ನಿಯಮ ಬಿಡಿ. ಅದರ ಒಂದು ನೋಡ್‌ಗೆ ತಗಲುವ ಶ್ರಮ ಬಹಳ ಹೆಚ್ಚು, ಅಲ್ಲಿ ಸಮಯವೇ ನ್ಯಾಯವಾದ ಅಳತೆ.

ಇಲ್ಲಿ ಎಲ್ಲರೂ ಎಡವುವ ಜಾಗವೊಂದಿದೆ. ಯುಸಿಐ ಅಂಕ ಬರುವುದು ನಡೆ ಯಾರದೋ ಅವರ ದೃಷ್ಟಿಯಿಂದ. ‘ಇವಾಲ್’ ಹೇಳುವುದು ಬಿಳಿಯ ದೃಷ್ಟಿಯಿಂದ. ತೆರೆಯ ಮೇಲಿನ ತಂತ್ರಾಂಶ ತನ್ನ ಆಯ್ಕೆಯಂತೆ ತಿರುಗಿಸಿರಲೂಬಹುದು. ಕಪ್ಪಿನ ಸರದಿಯ ಸ್ಥಾನಗಳಲ್ಲಿ ಚಿಹ್ನೆ ತಪ್ಪಿದರೆ ಇಡೀ ಪಟ್ಟಿ ವ್ಯರ್ಥ. ಎಲ್ಲವನ್ನೂ ಬಿಳಿಯ ದೃಷ್ಟಿಗೆ ತಂದು ಬರೆದುಕೊಳ್ಳಿ.

ಹಂತ 4: ಅಂಕವನ್ನು ತೀರ್ಪಾಗಿಸುವುದು

ಸ್ಟಾಕ್‌ಫಿಶ್‌ನಲ್ಲಿ 15.1ನೇ ಆವೃತ್ತಿಯಿಂದ +1.00 ಎಂದರೆ ಒಂದು ಪದಾತಿಯ ಮುನ್ನಡೆ ಎಂಬ ಹಳೆಯ ಅರ್ಥ ಹೋಗಿದೆ. ತನ್ನಷ್ಟೇ ಬಲದ ಎಂಜಿನ್ ಎದುರು ಗೆಲ್ಲುವ ಸಾಧ್ಯತೆ ಶೇ. 50 ಎಂಬುದು ಈಗಿನ ಅರ್ಥ. ಹಾಗಾಗಿ ಗೆರೆಗಳನ್ನು ಹೀಗೆ ಎಳೆಯಬಹುದು: 0.50ರ ಒಳಗಿದ್ದರೆ ‘ಡ್ರಾ ಎಂದಿತು’, 1.50 ಮೀರಿದರೆ ‘ಗೆಲುವು ಎಂದಿತು’, ನಡುವೆ ಇದ್ದರೆ ‘ತೀರ್ಮಾನವಿಲ್ಲ’. ಹಳೆಯ ಆವೃತ್ತಿ ಅಥವಾ ಬೇರೆ ಎಂಜಿನ್ ಆದರೆ ಅಳತೆಗೋಲು ಬೇರೆ. ಅವುಗಳ ಸಂಖ್ಯೆಯನ್ನು ನೇರವಾಗಿ ಪಕ್ಕಪಕ್ಕ ಇಡಬೇಡಿ, ತೀರ್ಪನ್ನು ಮಾತ್ರ ಹೋಲಿಸಿ.

ಗೆಲುವು-ಡ್ರಾ-ಸೋಲಿನ ಪಾಲನ್ನು ಸಾವಿರಕ್ಕೆ ಇಷ್ಟು ಎಂದು ತೋರಿಸುವ ಆಯ್ಕೆಯೂ ಇದೆ. ಅದನ್ನು ಎರಡನೇ ಸಾಕ್ಷಿ ಎಂದು ಎಣಿಸಬೇಡಿ. ಸ್ಟಾಕ್‌ಫಿಶ್ ಅದನ್ನು ಅಂಕದಿಂದಲೇ ಲೆಕ್ಕ ಹಾಕುವುದರಿಂದ ಅಂಕ ತಪ್ಪಿದ್ದರೆ ಅದೂ ತಪ್ಪು. ಲೀಲಾದಲ್ಲಿ ಮಾತ್ರ ನರಜಾಲವೇ ಮೂರೂ ಪಾಲನ್ನು ನೇರವಾಗಿ ಕೊಡುತ್ತದೆ.

ಕೊನೆಗೆ ಮೂರು ಎಣಿಕೆ: ಇಲ್ಲದ ಗೆಲುವನ್ನು ಕಂಡದ್ದು, ಇದ್ದ ಗೆಲುವನ್ನು ಕಾಣದ್ದು, ತೀರ್ಮಾನ ಹೇಳದ್ದು. ನಾಲ್ಕು ಅಳತೆಗಳಿಗೂ ಪ್ರತ್ಯೇಕವಾಗಿ ಎಣಿಸಿ. ಸ್ಥಿರ ಅಂಕದಲ್ಲಿ ತಪ್ಪಿ ಐದು ಕೋಟಿ ನೋಡ್‌ಗೆ ಸರಿಯಾದವು ಮೊದಲ ಬಗೆಯ ತಪ್ಪು. ಕೊನೆಯವರೆಗೂ ಹಾಗೇ ಉಳಿದವನ್ನು ಕೆಂಪಿನಲ್ಲಿ ಗುರುತಿಸಿ.

ಕೆಂಪು ಗುರುತುಗಳು ಉಳಿಯುವುದು ಏಕೆ

ಮೂಲೆಗೆ ಹೊಂದದ ಒಂಟೆಯ ಸ್ಥಾನಕ್ಕೇ ಮರಳಿ. ಹತ್ತು ಸೆಕೆಂಡು ಹುಡುಕಿಯೂ ಎಂಜಿನ್ ಬಿಳಿಗೆ ಮುನ್ನಡೆ ಎಂದರೆ ಅದು ಏನನ್ನು ನೋಡುತ್ತಿದೆ? ಸ್ಟೇಲ್‌ಮೇಟ್ ಬರುವುದು ಬಿಳಿ ತಾನಾಗಿ ಅದರೊಳಗೆ ನಡೆದಾಗ ಮಾತ್ರ. ಒಂಟೆಯನ್ನು ಅತ್ತಿತ್ತ ಆಡಿಸುತ್ತ ಬಿಳಿ ಅದನ್ನು ತಪ್ಪಿಸಿಕೊಳ್ಳಬಹುದು. ಹೀಗೆ ಪ್ರತಿ ಸಾಲಿನ ಕೊನೆಯಲ್ಲೂ ‘ಒಂಟೆ ಮತ್ತು ಪದಾತಿ ಹೆಚ್ಚಿರುವ’ ಸ್ಥಾನವೇ ಸಿಗುತ್ತದೆ, ಸ್ಥಿರ ಅಂಕ ತಪ್ಪಿದ್ದರೆ ಅದೇ ತಪ್ಪು ಮೇಲಕ್ಕೆ ಬರುತ್ತದೆ. ಇಲ್ಲಿ ಡ್ರಾ ಒಂದು ಘಟನೆಯಾಗಿ ನಡೆಯುವುದಿಲ್ಲ, ಏನೂ ನಡೆಯದಿರುವುದೇ ಡ್ರಾ. ಅದನ್ನು ಹುಡುಕಾಟ ತಾನಾಗಿ ಕಾಣಬೇಕಾದರೆ ಐವತ್ತು ನಡೆಗಳ ನಿಯಮದ (ಪದಾತಿ ನಡೆ, ಹೊಡೆತ ಎರಡೂ ಇಲ್ಲದೆ ಐವತ್ತು ನಡೆ ಕಳೆದರೆ ಡ್ರಾ) ತುದಿಯವರೆಗೆ, ಎಂದರೆ ನೂರು ಅರ್ಧನಡೆಗಳ (ಒಬ್ಬರ ಒಂದು ನಡೆ ಒಂದು ಅರ್ಧನಡೆ) ಆಳಕ್ಕೆ ಹೋಗಬೇಕು.

ಇದರ ಅತಿರೇಕ ನೋಡಬೇಕೆಂದರೆ ಪದಾತಿಗಳನ್ನು ಹೀಗೆ ಜೋಡಿಸಿ. ಬಿಳಿಯವು ಎ3, ಬಿ4, ಸಿ3, ಡಿ4, ಇ3, ಎಫ್4, ಜಿ3, ಎಚ್4. ಕಪ್ಪಿನವು ಎ4, ಬಿ5, ಸಿ4, ಡಿ5, ಇ4, ಎಫ್5, ಜಿ4, ಎಚ್5. ಬಿಳಿ ರಾಜ ಇ1, ಆನೆಗಳು ಎ1 ಮತ್ತು ಎಚ್1ರಲ್ಲಿ. ಕಪ್ಪು ರಾಜ ಒಂಟಿಯಾಗಿ ಇ8ರಲ್ಲಿ. ಕ್ಯಾಸ್ಲಿಂಗ್ ಹಕ್ಕು ಇಲ್ಲ. ಬಿಳಿಗೆ ಎರಡು ಆನೆ ಹೆಚ್ಚು, ಆದರೆ ಒಳಗೆ ನುಗ್ಗಲು ಒಂದು ಕಿಂಡಿಯೂ ಇಲ್ಲ. ಕಪ್ಪು ತನ್ನ ರಾಜನನ್ನು ಹಿಂದಿನ ಸಾಲುಗಳಲ್ಲಿ ಓಡಾಡಿಸುತ್ತ, ಕೊಟ್ಟ ಆನೆಯನ್ನು ಹೊಡೆಯದೆ ಇದ್ದರೆ ಸಾಕು. ಇಪ್ಪತ್ತು ಕಾಯಿಗಳಿರುವುದರಿಂದ ಟೇಬಲ್‌ಬೇಸ್ ನೆರವಿಗೆ ಬಾರದು, ಪಟ ನೋಡಿಯೇ ತೀರ್ಪು ಹೇಳಬೇಕು. ಐವತ್ತು ನಡೆಗಳ ನಿಯಮದ ಅರ್ಧನಡೆ ಎಣಿಕೆಯನ್ನು 0, 40, 80 ಎಂದು ಇಟ್ಟು ಮೂರು ಸಲ ಕೇಳಿ. ಸ್ಟಾಕ್‌ಫಿಶ್ ಈ ಎಣಿಕೆ ಏರಿದಂತೆ ಅಂಕವನ್ನು ಕುಗ್ಗಿಸುತ್ತದೆ. ಸ್ಥಾನ ಅದೇ ಇದ್ದು ಅಂಕ ಇಳಿದರೆ, ಎಂಜಿನ್ ಕೋಟೆಯನ್ನು (ನುಗ್ಗಲಾಗದ ಈ ತಡೆಯನ್ನು) ಅರಿತದ್ದರಿಂದಲ್ಲ, ಆ ಎಣಿಕೆ ಮುಗಿಯುತ್ತಿರುವುದರಿಂದ ಎಂದು ತಿಳಿಯಿರಿ.

ಸರದಿಯ ಜೋಡಿಗಳಲ್ಲಿ ತಪ್ಪಿದರೆ ಕಾರಣ ಬೇರೆ. ಹುಡುಕಾಟ ಬೇಗ ಸಾಗಲೆಂದು ಎಂಜಿನ್‌ಗಳು ‘ಒಂದು ಸರದಿ ಬಿಟ್ಟುಕೊಟ್ಟರೂ ನಾನೇ ಮುಂದಿದ್ದೇನೆಯೇ?’ ಎಂದು ನೋಡಿ ಕೊಂಬೆಗಳನ್ನು ಕತ್ತರಿಸುತ್ತವೆ. ನಡೆಯಲೇಬೇಕಾದದ್ದೇ ಶಿಕ್ಷೆಯಾಗಿರುವ ಸ್ಥಾನದಲ್ಲಿ ಈ ತರ್ಕ ಉಲ್ಟಾ ಹೊಡೆಯುತ್ತದೆ. ಬರೀ ರಾಜ-ಪದಾತಿ ಇರುವಾಗ ಈ ಕತ್ತರಿಯನ್ನು ಬಳಸದಿರುವುದು ರೂಢಿ. ನೀವೇ ಎಂಜಿನ್ ಬರೆಯುತ್ತಿದ್ದರೆ ಮೊದಲು ಪರಿಶೀಲಿಸಬೇಕಾದ ಸಾಲು ಇದು.

ಹ್ಯಾಶ್ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಲಾಸ್ಕರ್–ರೈಖೆಲ್ಮ್ ಸ್ಥಾನ ಬಳಸಿ: ಬಿಳಿ ರಾಜ ಎ1, ಪದಾತಿಗಳು ಎ4, ಡಿ4, ಡಿ5, ಎಫ್4, ಕಪ್ಪು ರಾಜ ಎ7, ಪದಾತಿಗಳು ಎ5, ಡಿ6, ಎಫ್5. ಗೆಲ್ಲುವ ನಡೆ ರಾಜ ಬಿ1. ರಾಜರಿಬ್ಬರ ಓಡಾಟ ಬಿಟ್ಟರೆ ಬೇರೇನೂ ಇಲ್ಲದ್ದರಿಂದ ಅದೇ ಸ್ಥಾನಗಳು ಬೇರೆ ಬೇರೆ ದಾರಿಯಲ್ಲಿ ಮತ್ತೆ ಮತ್ತೆ ಬರುತ್ತವೆ. ಹ್ಯಾಶ್ ಸರಿಯಿದ್ದರೆ ಉತ್ತರ ಬೇಗ ಬರುತ್ತದೆ, ಇಲ್ಲವಾದರೆ ಹುಡುಕಾಟ ಅಲ್ಲೇ ಹೂತುಹೋಗುತ್ತದೆ.

ಹಂತ 5: ಆಡಿಸಿ ನೋಡುವುದು

ಅಂಕ ತಪ್ಪಿದ್ದರೂ ನಡೆ ಸರಿಯಿರಬಹುದು, ಅಂಕ ಸರಿಯಿದ್ದೂ ಗೆಲ್ಲಲಾಗದಿರಬಹುದು. ಒಂಟೆ-ಕುದುರೆಯ ಮೇಟ್‌ಗೆ ಅತಿ ಹೆಚ್ಚೆಂದರೆ 33 ನಡೆ ಬೇಕು. ಆನೆಯ ಮೇಟ್‌ಗೆ 16, ರಾಣಿಯ ಮೇಟ್‌ಗೆ 10. ರಾಣಿ ಆನೆಯ ಎದುರು ಮೇಟ್ ಮಾಡಲು 35ರವರೆಗೆ ಹೋಗಬಹುದು. ಈ ಬಗೆಯ ಗೆಲುವುಗಳನ್ನು ಟೇಬಲ್‌ಬೇಸ್ ಇಲ್ಲದ ಎಂಜಿನ್ನಿಗೆ ಕೊಟ್ಟು, ರಕ್ಷಣೆಗೆ ಟೇಬಲ್‌ಬೇಸ್ ಇರುವ ಎಂಜಿನ್ನನ್ನು ಕೂರಿಸಿ. ನಡೆಗೆ ಒಂದು ಲಕ್ಷ ನೋಡ್ ಸಾಕು. ಆಟ ಮುಗಿದ ಮೇಲೆ ಪ್ರತಿ ನಡೆಯನ್ನೂ ಟೇಬಲ್‌ಬೇಸಿಗೆ ಹೋಲಿಸಿ, ಗೆಲುವು ಡ್ರಾ ಆಗಿ ಜಾರಿದ ನಡೆ ಯಾವುದು ಎಂದು ಗುರುತಿಸಿ. ಅಂಕ +6 ಎಂದು ಒಂದೇ ಕಡೆ ನಿಂತು ನಡೆಗಳು ಸುತ್ತು ಹೊಡೆಯುತ್ತಿದ್ದರೆ ಎಂಜಿನ್ನಿಗೆ ಗುರಿ ಗೊತ್ತು, ದಾರಿ ಗೊತ್ತಿಲ್ಲ. ಒಂಟೆ-ಕುದುರೆಯಲ್ಲಿ ಒಂಟೆಯ ಬಣ್ಣದ ಮೂಲೆಗೇ ರಾಜನನ್ನು ತಳ್ಳುತ್ತಿದೆಯೇ ಎಂದು ನೋಡಿದರೆ ಸಾಕು, ತಿಳಿಯುತ್ತದೆ.

ಹಂತ 6: ಟೇಬಲ್‌ಬೇಸ್ ಹಾಕಿದ ಮೇಲೆ

ಈಗ ಸಿಝಿಜಿ ಪಾತ್ ತುಂಬಿಸಿ ಅದೇ ಪಟ್ಟಿಯನ್ನು ಮತ್ತೆ ಓಡಿಸಿ. ಕಡತಗಳಲ್ಲಿ ಇರುವ ಸ್ಥಾನಗಳ ಕೆಂಪು ಗುರುತೆಲ್ಲ ಅಳಿಯಬೇಕು. ಒಂದಾದರೂ ಉಳಿದರೆ ಆ ಬಗೆಯ ಕಡತ ಇಲ್ಲ, ಅಥವಾ ಸ್ಥಾನದ ಬರಹದಲ್ಲಿ ಕ್ಯಾಸ್ಲಿಂಗ್ ಹಕ್ಕು ಉಳಿದುಬಿಟ್ಟಿದೆ. ಟೇಬಲ್‌ಬೇಸ್‌ಗಳು ಕ್ಯಾಸ್ಲಿಂಗ್ ಹಕ್ಕಿರುವ ಸ್ಥಾನಗಳನ್ನು ಒಳಗೊಂಡಿಲ್ಲ.

ಗೆಲ್ಲುತ್ತಿರುವ ಎಂಜಿನ್ ಈಗ ವಿಚಿತ್ರವಾಗಿ ಆಡಿದರೆ ಗಾಬರಿ ಬೇಡ. ಸಿಝಿಜಿ ಎಣಿಸುವುದು ಮೇಟ್‌ವರೆಗಿನ ದೂರವನ್ನಲ್ಲ, ಮುಂದಿನ ಪದಾತಿ ನಡೆ ಅಥವಾ ಹೊಡೆತದವರೆಗಿನ ದೂರವನ್ನು. ಕಾಯಿಯೊಂದನ್ನು ಸುಮ್ಮನೆ ಕೊಟ್ಟು ಎಣಿಕೆಯನ್ನು ಸೊನ್ನೆಗೆ ತರುವುದೂ ಅದರ ಲೆಕ್ಕದಲ್ಲಿ ಪ್ರಗತಿಯೇ. ಗೆಲುವು ಕೈತಪ್ಪುವುದಿಲ್ಲ, ಆದರೆ ಆ ನಡೆಗಳಿಂದ ಎಂಡ್‌ಗೇಮ್ ಕಲಿಯಲು ಹೋಗಬೇಡಿ.

ಗೆಲುವು, ಡ್ರಾ, ಸೋಲಿನ ನಡುವೆ ಸಿಝಿಜಿಯಲ್ಲಿ ಇನ್ನೆರಡು ಉತ್ತರಗಳಿವೆ: ಐವತ್ತು ನಡೆಗಳ ನಿಯಮ ಇಲ್ಲದಿದ್ದರೆ ಗೆಲ್ಲಬಹುದಾಗಿದ್ದ ಡ್ರಾ, ಮತ್ತು ಅದೇ ನಿಯಮದಿಂದ ತಪ್ಪಿಹೋದ ಸೋಲು. ಎರಡು ಒಂಟೆ ಒಂದು ಕುದುರೆಯ ಎದುರು, ಎರಡು ಕುದುರೆ ಒಂದು ಪದಾತಿಯ ಎದುರು ಆಡುವಾಗ ಇವು ಎದುರಾಗುತ್ತವೆ. ‘ಸಿಝಿಜಿ 50 ಮೂವ್ ರೂಲ್’ ಆಯ್ಕೆ ಆನ್ ಇದ್ದರೆ ಎಂಜಿನ್ ಇವನ್ನು ಡ್ರಾ ಎಂದೇ ಎಣಿಸುತ್ತದೆ. ಟೂರ್ನಿಯ ಆಟ ವಿಶ್ಲೇಷಿಸುವಾಗ ಹಾಗೇ ಇರಲಿ. ಆ ನಿಯಮವನ್ನು ಲೆಕ್ಕಿಸದ ಎಂಡ್‌ಗೇಮ್ ರಚನೆಗಳನ್ನು ಪರಿಶೀಲಿಸುವಾಗ ಮಾತ್ರ ಆಫ್ ಮಾಡಿ, ಕೆಲಸ ಮುಗಿದ ಕೂಡಲೇ ಮತ್ತೆ ಆನ್ ಮಾಡಿ.